ಹಳೆ ಇಂಜಿನ್ ಆಯಿಲ್ ಸುರಿದ ಮಣ್ಣಲ್ಲಿ ಬ್ಯಾಕ್ಟೀರಿಯಾ ಬದುಕುತ್ತವೆಯೇ? ಎಣ್ಣೆಯನ್ನು ತಿಂದು ಮುಗಿಸುತ್ತವೆಯೇ?

ಬದುಕುತ್ತವೆ. ಸ್ಯೂಡೋಮೊನಾಸ್, ಬ್ಯಾಸಿಲಸ್, ರೋಡೋಕಾಕಸ್ ಗುಂಪಿನವು ಇಂಥ ಮಣ್ಣಲ್ಲಿ ಸಾಮಾನ್ಯ. ಎಣ್ಣೆಯ ಇಂಗಾಲವೇ ಅವುಗಳ ಆಹಾರ. ಬ್ಯಾಕ್ಟೀರಿಯಾಗಳನ್ನು ಹೊರಗಿಂದ ತಂದು ಹಾಕುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಕೊರತೆಯಾಗುವುದು ಸಾರಜನಕ, ರಂಜಕ, ಗಾಳಿ. ಇಂಗಾಲ, ಸಾರಜನಕ, ರಂಜಕ ಸುಮಾರು 100:10:1 ಆಗುವಂತೆ ಗೊಬ್ಬರ ಬೆರೆಸಿ, ವಾರಕ್ಕೊಮ್ಮೆ ಮಣ್ಣು ತಿರುವಿಹಾಕಿ. ಯೂರಿಯಾವನ್ನು ಕಂತುಗಳಲ್ಲೇ ಹಾಕಿ. ಒಮ್ಮೆಲೇ ಸುರಿದರೆ ಅಮೋನಿಯಾ ಹೆಚ್ಚಿ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಮಣ್ಣನ್ನು ಹಿಡಿದು ಅದುಮಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಕೆಸರಾಯಿತೋ, ಆಮ್ಲಜನಕವಿಲ್ಲದೆ ಕೆಲಸ ನಿಂತಂತೆಯೇ.

ಮೊದಲು ಒಡೆಯುವುದು ನೇರ ಸರಪಳಿಯ ಹೈಡ್ರೋಕಾರ್ಬನ್‌ಗಳು (ಎಣ್ಣೆಯಲ್ಲಿರುವ ಇಂಗಾಲ-ಜಲಜನಕದ ಸಂಯುಕ್ತಗಳು). ಹಲವು ಉಂಗುರಗಳಿರುವವು ತಿಂಗಳುಗಟ್ಟಲೆ ಹಠ ಹಿಡಿಯುತ್ತವೆ. ಹಳೆ ಎಣ್ಣೆಯಲ್ಲಿರುವ ಸತು, ಸೀಸದಂಥ ಲೋಹಗಳನ್ನಂತೂ ಯಾವ ಬ್ಯಾಕ್ಟೀರಿಯಾವೂ ಇಲ್ಲವಾಗಿಸಲಾರದು. ಹಾಗಾಗಿ ವಾಸನೆ ಹೋಯಿತೆಂದು, ಲೋಹದ ಪರೀಕ್ಷೆ ಮಾಡಿಸದೆ ಅಲ್ಲಿ ತರಕಾರಿ ಬೆಳೆಯಬೇಡಿ.