ಅಮ್ಮ ಎತ್ತಿದ ಚೀಟಿ

ಪ್ರಶ್ನೆ: ಅಕ್ಕಾ, ನಾನು 28 ವರ್ಷದ ನರ್ಸ್. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ಫ್ರೀಟೌನ್ ಬಂದರಿನಲ್ಲಿ ನಿಂತಿದ್ದ ‘ಗ್ಲೋಬಲ್ ಮರ್ಸಿ’ ಆಸ್ಪತ್ರೆ ಹಡಗಿನಲ್ಲಿ ಮೂರು ತಿಂಗಳು ಸೇವೆ ಮಾಡಿ ಬಂದೆ. ಅಲ್ಲಿ ಸಂಬಳವಿಲ್ಲ, ಊಟ ವಸತಿಯ ಖರ್ಚೂ ನಮ್ಮದೇ. ಟಿಕೆಟಿಗೆ ಅಮ್ಮ ಚೀಟಿ ಎತ್ತಿದರು. ಸುಟ್ಟ ಗಾಯ ಒಣಗಿ ತೋಳು ಪಕ್ಕೆಗೇ ಅಂಟಿಕೊಂಡಿದ್ದ ಎಂಟು ವರ್ಷದ ಹುಡುಗಿಯೊಬ್ಬಳು, ಆಪರೇಷನ್ ಆಗಿ ವಾಸಿಯಾದ ಮೇಲೆ ಕೈ ಎತ್ತಿ ತನ್ನ ಜಡೆ ತಾನೇ ಮುಟ್ಟಿ ನೋಡಿಕೊಂಡಳು. ಅದು ಕಣ್ಣಿಂದ ಹೋಗುತ್ತಿಲ್ಲ. ಊರಲ್ಲಿ ಯಾವುದೂ ರುಚಿಸುತ್ತಿಲ್ಲ. ದೊಡ್ಡಮ್ಮನ ಮಗಳ ಮದುವೆಗೆ ಸೀರೆ ತರಲು ಹೋದಾಗ, ಇಷ್ಟು ದುಡ್ಡಾ ಅಂತ ಅಂಗಡಿಯಲ್ಲೇ ರೇಗಿದೆ. ಅಮ್ಮ ಅತ್ತರು. ಚರ್ಚಿನ ಸಭೆಯಲ್ಲಿ ಐದು ನಿಮಿಷ ಸಾಕ್ಷಿ, ಅಂದರೆ ಅಲ್ಲಿಯ ಅನುಭವ, ಹೇಳು ಅಂತಾರೆ. ಐದು ನಿಮಿಷದಲ್ಲಿ ಏನು ಹೇಳಲಿ? ವಾಪಸ್ ಹೋಗಿಬಿಡಲೇ?
– ಹೆಸರು ಬೇಡ, ಉಡುಪಿ

ಉತ್ತರ: ತಂಗೀ, ನಿಮ್ಮ ಪತ್ರ ಓದುತ್ತಾ ಒಂದು ಸಾಲಿನ ಹತ್ತಿರ ನಿಂತೆ. ‘ಟಿಕೆಟಿಗೆ ಅಮ್ಮ ಚೀಟಿ ಎತ್ತಿದರು.’ ಅವಧಿಗೆ ಮುಂಚೆ ಚೀಟಿ ಎತ್ತಿದರೆ ಎಷ್ಟು ಬಿಟ್ಟುಕೊಡಬೇಕು ಅಂತ ನಿಮಗೂ ಗೊತ್ತು. ಉಳಿದ ಕಂತು ಅವರು ಈಗಲೂ ಕಟ್ಟುತ್ತಿರಬೇಕು, ಅಲ್ವಾ? ಆ ಹುಡುಗಿಯ ಕೈ ಮೇಲೆದ್ದದ್ದರಲ್ಲಿ ಆ ಕಂತಿನ ಪಾಲೂ ಇದೆ.

ಬೈಯುತ್ತಿಲ್ಲ. ನಾನೂ ಹೀಗೇ ಇದ್ದೆ. ತಾಂಜಾನಿಯಾದ ಮಿಷನ್ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ಇದ್ದು ಮಂಗಳೂರಿಗೆ ಬಂದಾಗ, ಯಾರಾದರೂ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆದರೂ ಸಿಟ್ಟು ಬರುತ್ತಿತ್ತು. ಹೋಗಿ ನಲ್ಲಿ ನಿಲ್ಲಿಸುತ್ತಿದ್ದೆ. ಅತ್ತಿಗೆ ನನ್ನ ಹತ್ತಿರ ಮಾತು ಕಡಿಮೆ ಮಾಡಿದರು. ಅಲ್ಲಿಯ ಜನ ಯಾರಾದರೂ ಭಾರ ಹೊತ್ತು ಬಂದರೆ, ಎಡವಿದರೆ, ‘ಪೋಲೆ’ ಅನ್ನುತ್ತಾರೆ. ಪಾಪ, ಕಷ್ಟ ಆಯ್ತಲ್ಲ ಅನ್ನುವ ಹಾಗೆ. ಒಂದು ಸಂಜೆ ಎರಡೂ ಕೈಯಲ್ಲಿ ಮಾರ್ಕೆಟಿನ ಚೀಲ ಹಿಡಿದು ಬಂದ ಅತ್ತಿಗೆಗೆ ಬಾಯಿತಪ್ಪಿ ‘ಪೋಲೆ’ ಅಂದೆ. ಹಾಗಂದ್ರೇನು ಅಂತ ಕೇಳಿದರು. ಆ ರಾತ್ರಿ ಅಡುಗೆಮನೆಯಲ್ಲಿ ಕೂತು ಮೊದಲ ಸಲ ಎಲ್ಲ ಹೇಳಿದೆ. ಅತ್ತಿಗೆ ಸುಮ್ನೆ ಕೇಳುತ್ತಾ ಬೀನ್ಸ್ ನಾರು ತೆಗೆಯುತ್ತಿದ್ದರು.

ನೀವೂ ಸಭೆಗೆ ಹೇಳುವ ಮೊದಲು ಅಮ್ಮನಿಗೆ ಹೇಳಿ. ಫ್ರೀಟೌನಿನಲ್ಲಿ ‘ಹೌ ದಿ ಬಾಡಿ?’ ಅಂತ ಕೇಳಿದರೆ ‘ಟೆಲ್ ಗಾಡ್ ಟೆಂಕಿ’ ಅನ್ನುತ್ತಾರೆ, ದೇವರಿಗೆ ಸ್ತೋತ್ರ ಅಂತ. 1991ರಿಂದ 2002ರವರೆಗೆ ಯುದ್ಧ, 2014ರಲ್ಲಿ ಎಬೋಲಾ ಕಂಡ ಊರಿನ ಮಾತು ಅದು. ಅಮ್ಮನಿಗೆ ಕಲಿಸಿಕೊಡಿ.

ಸಾಕ್ಷಿಗೆ ಆ ಜಡೆ ಮುಟ್ಟಿದ ಕೈ ಒಂದೇ ಸಾಕು. ಜೊತೆಗೆ ದುಡಿದ ಅಲ್ಲಿಯವರು ನಿಮಗೆ ಏನು ಕಲಿಸಿದರು ಅನ್ನುವುದನ್ನೂ ಸೇರಿಸಿ. ಗಾಯದ ಫೋಟೊ ಮಾತ್ರ ಪರದೆ ಮೇಲೆ ಹಾಕಬೇಡಿ, ದಯವಿಟ್ಟು. ನಮ್ಮನೆ ಮಗು ಆಗಿದ್ದರೆ ಹಾಕುತ್ತಿದ್ದೆವಾ?

ವಾಪಸ್ ಹೋಗುವ ವಿಚಾರ. ಮನಸ್ಸಿದ್ದರೆ ಖಂಡಿತ ಹೋಗಿ, ಇಲ್ಲಿಯವರ ಮೇಲಿನ ಬೇಸರಕ್ಕೆ ಹೋಗಬೇಡಿ. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1853ರಲ್ಲಿ ನಮ್ಮ ಕಡೆ ಬಂದವರು. 1892ರಲ್ಲಿ ಜರ್ಮನಿಗೆ ಮರಳಿದರು. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ವ್ಯಾಕರಣ ಬಂದದ್ದು 1903ರಲ್ಲಿ. ಅದೇ ವರ್ಷ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ತಮ್ಮ ಊರಲ್ಲಿ ಕೂತೂ ಕನ್ನಡ ಬಿಡಲಿಲ್ಲ. ನೀವು ಅಲ್ಲಿ ಕಲಿತದ್ದಕ್ಕೂ ಇಲ್ಲಿ ಕೆಲಸ ಇದೆ. ಸುಟ್ಟುಕೊಂಡವರ ಕೀಲನ್ನು ಮೊದಲ ದಿನಗಳಿಂದಲೇ ಚಾಚಿ ಇಟ್ಟು, ದಿನಾ ಆಡಿಸಿದರೆ ಹಾಗೆ ಅಂಟಿಕೊಳ್ಳುವುದನ್ನು ಎಷ್ಟೋ ತಡೆಯಬಹುದು. ಮನೆಯವರಿಗೆ ಅದನ್ನು ಕೂರಿಸಿ ಹೇಳಿಕೊಡುವ ನರ್ಸ್ ಎಲ್ಲಾ ವಾರ್ಡಿಗೂ ಬೇಕು.

ಮದುವೆಗೆ ಅಮ್ಮ ಆರಿಸಿದ ಸೀರೆಯನ್ನೇ ಉಟ್ಟು ಹೋಗಿ. ಈ ತಿಂಗಳಿಂದ ಚೀಟಿ ಕಂತು ನೀವೇ ಕಟ್ಟಿ.