98 ಪರ್ಸೆಂಟೈಲಿಗೆ ವಿಜೆಟಿಐ ಹಾಕೋದು ವೇಸ್ಟಾ?

ಡೊಂಬಿವಲಿಯೋರು, 98 ಪರ್ಸೆಂಟೈಲ್, ಮುಂಬೈನ ವಿಜೆಟಿಐ ಕಾಲೇಜಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಸಿಗೋ ಚಾನ್ಸ್ ಇದ್ಯಾ, ಇಲ್ಲ ಬೆಂಗಳೂರು ಟ್ರೈ ಮಾಡ್ಲಾ ಅಂತ ಕೇಳಿದ್ರಿ. ಪ್ರಶ್ನೆ ಓದಿ ನಗು ಬಂತು, ಯಾಕಂದ್ರೆ ನಾನೂ ಡೊಂಬಿವಲಿಯೋನೇ, ಎಂಎಚ್‌ಟಿ ಸಿಇಟಿಲಿ (ಮಹಾರಾಷ್ಟ್ರದ ಎಂಟ್ರೆನ್ಸ್ ಪರೀಕ್ಷೆ) ನನಗೂ 98 ಚಿಲ್ರೆ, ಬೇಕಿದ್ದಿದ್ದೂ ಕಂಪ್ಯೂಟರೇ. ಚಾನ್ಸ್ ಕೇಳಿದ್ರಲ್ಲ, ವಿಜೆಟಿಐ ಕಂಪ್ಯೂಟರ್ ಓಪನ್‌ಗೆ (ಮೀಸಲಾತಿ ಇಲ್ಲದ ಸೀಟಿಗೆ) 99 ದಾಟಿದೋರೇ ಹೊರಗೆ ಉಳೀತಾರೆ, ಆಸೆ ಬಿಡಿ. ಆದ್ರೆ ಆಪ್ಷನ್ ಫಾರ್ಮಲ್ಲಿ, ಅಂದ್ರೆ ಬೇಕಾದ ಕಾಲೇಜುಗಳನ್ನ ಒಂದು, ಎರಡು ಅಂತ ಬರೆಯೋ ಲಿಸ್ಟಲ್ಲಿ, ಹಾಕೋದು ಮಾತ್ರ ಬಿಡಬೇಡಿ.

ನಮ್ಮನೇಲಿ ಇಂಜಿನಿಯರಿಂಗ್ ಅಡ್ಮಿಷನ್ ಗೊತ್ತಿದ್ದೋರು ಯಾರೂ ಇರ್ಲಿಲ್ಲ. ದೂರದ ಮಾವ ಒಬ್ರು ಬಂದು "ಸಿಗೋದನ್ನ ಮೇಲೆ ಬರಿ, ಇಲ್ಲಾಂದ್ರೆ ರೌಂಡ್ ದಂಡ" ಅಂದ್ರು, ಅಪ್ಪ ತಲೆ ಆಡಿಸಿದ್ರು. ನವಿ ಮುಂಬೈ ಕಡೆ ಒಂದು ಕಾಲೇಜು, ಹಿಂದಿನ ವರ್ಷದ ಕಟಾಫ್ ನನಗಿಂತ ಆರಾಮಾಗಿ ಕೆಳಗಿತ್ತು, ಅದನ್ನೇ ಒಂದನೇ ಆಪ್ಷನ್ ಮಾಡ್ದೆ. ನನಗೆ ನಿಜಕ್ಕೂ ಬೇಕಿದ್ದ ಅಂಧೇರಿ ಕಡೇದು ಎರಡನೇದು. ಮೊದಲ ರೌಂಡಲ್ಲೇ ಒಂದನೇದು ಸಿಕ್ತು, ಅಮ್ಮ ಬಿಲ್ಡಿಂಗಿಗೆಲ್ಲ ಪೇಡಾ ಹಂಚಿದ್ರು. ಆಮೇಲೆ ಲಾಗಿನ್ ಮಾಡಿದ್ರೆ ಬೆಟರ್‌ಮೆಂಟ್ (ಮುಂದಿನ ರೌಂಡಲ್ಲಿ ಇನ್ನೂ ಮೇಲಿನ ಆಪ್ಷನ್‌ಗೆ ಕಾಯೋದು) ಆಯ್ಕೆನೇ ಇಲ್ಲ, ಆಟೋ ಫ್ರೀಜ್, ಸೀಟು ತಾನಾಗೇ ಲಾಕ್! ಮೊದಲ ರೌಂಡಲ್ಲಿ ಮೊದಲ ಆಪ್ಷನ್ ಸಿಕ್ರೆ ಕಥೆ ಮುಗೀತು, ತಗೋಬೇಕು ಇಲ್ಲ ಬಿಡಬೇಕು, ಮುಂದಿನ ಕ್ಯಾಪ್ (ರಾಜ್ಯದವರು ಸೀಟು ಹಂಚೋ) ರೌಂಡಲ್ಲಿ ನಮ್ಮ ಹೆಸರೇ ಇರಲ್ಲ. ಎರಡನೇ ರೌಂಡಲ್ಲಿ ಆ ಅಂಧೇರಿ ಸೀಟು ನನಗಿಂತ ಮೆರಿಟ್ಟಲ್ಲಿ ಹಿಂದಿದ್ದ ನಮ್ಮ ಕ್ಲಾಸಿನೋನಿಗೇ ಹೋಯ್ತು. ನಾನು ಡಿಗ್ರಿ ಮುಗಿಯೋವರೆಗೂ ಠಾಣೆಲಿ ಇಳಿದು ಟ್ರಾನ್ಸ್ ಹಾರ್ಬರ್ ಟ್ರೈನಿಗೆ ಓಡ್ದೆ.

ಮಾವನ ಲೆಕ್ಕ ಬುಡದಲ್ಲೇ ತಪ್ಪು. ಸೀಟು ಕೊಡೋದು ಮೆರಿಟ್ ನಂಬರ್ ಪ್ರಕಾರ. ನಿಮ್ಮ ಸರದಿ ಬಂದಾಗ ಸಿಸ್ಟಮ್ಮು ನಿಮ್ಮ ಲಿಸ್ಟನ್ನ ಮೇಲಿಂದ ನೋಡ್ತಾ ಬರತ್ತೆ, ತುಂಬಿರೋದನ್ನ ದಾಟತ್ತೆ, ಖಾಲಿ ಇರೋ ಮೊದಲನೇದನ್ನ ಕೊಡತ್ತೆ. ಮೇಲೆ ವಿಜೆಟಿಐ, ಎಸ್‌ಪಿಐಟಿ, ಪುಣೆ ಸಿಒಇಪಿ ಥರದ ದೊಡ್ಡ ಕಾಲೇಜು ಬರೆದಿದ್ರೆ ಕೆಳಗಿನ ಸೀಟು ಒಂದೂ ಕೈ ತಪ್ಪಲ್ಲ. 300 ಆಪ್ಷನ್ ತನಕ ಹಾಕಬಹುದು, ಜಿಪುಣತನ ಯಾಕೆ? ಹಾಗಾಗಿ "ನನಗೆ ಚಾನ್ಸ್ ಎಷ್ಟು" ಅನ್ನೋ ಪ್ರಶ್ನೆನೇ ಈಗ ಬೇಡ. "ಎರಡೂ ಸಿಕ್ರೆ ಯಾವುದಕ್ಕೆ ಹೋಗ್ತೀನಿ" ಅಂತ ಒಂದೊಂದನ್ನೇ ಕೇಳ್ಕೊಂಡು ಲಿಸ್ಟ್ ಮಾಡಿ. ಚಾನ್ಸ್ ನೋಡಬೇಕಾಗಿದ್ದು ಲಿಸ್ಟಿನ ಬಾಲದಲ್ಲಿ, ಖಂಡಿತ ಸಿಗೋದು ಒಂದಷ್ಟು ಅಲ್ಲಿರಬೇಕು ಅಷ್ಟೆ.

2025ರಲ್ಲಂತೂ ಇನ್ನೂ ಬಿಗಿ ಮಾಡಿದ್ರು, ಎರಡನೇ ರೌಂಡಲ್ಲಿ ಮೊದಲ 3, ಮೂರನೇದ್ರಲ್ಲಿ ಮೊದಲ 6 ಆಪ್ಷನ್‌ಗಳಲ್ಲಿ ಯಾವುದು ಸಿಕ್ರೂ ಫ್ರೀಜ್. ನಿಮ್ಮ ವರ್ಷದ ರೂಲ್ ಸಿಇಟಿ ಸೆಲ್ (ಮಹಾರಾಷ್ಟ್ರದ ಅಡ್ಮಿಷನ್ ನಡೆಸೋರು) ಬ್ರೋಷರಲ್ಲಿ ನೀವೇ ಓದಿ, ನನ್ನನ್ನೂ ನಂಬಬೇಡಿ, ಮಾವಂದಿರನ್ನಂತೂ ಬೇಡವೇ ಬೇಡ.

ಕಟಾಫ್ ಪಿಡಿಎಫ್ ನೋಡೋವಾಗ ಕೋಡ್ ನೋಡಿ. ಜಿಓಪನ್ (ಜನರಲ್ ಓಪನ್ ಸೀಟು) ಆದ್ಮೇಲೆ ಎಚ್ ಇದ್ರೆ ಆ ಯೂನಿವರ್ಸಿಟಿ ಏರಿಯಾದೋರಿಗೆ, ಓ ಇದ್ರೆ ಹೊರಗಿನೋರಿಗೆ, ಎಸ್ ಇದ್ರೆ ಇಡೀ ರಾಜ್ಯಕ್ಕೆ. ನೀವು ಮುಂಬೈ ಕಡೆಯೋರು, ಪುಣೆ ಕಾಲೇಜಿನ ಎಚ್ ಸಾಲು ನೋಡಿ ಖುಷಿ ಪಟ್ರೆ ಆಗಲ್ಲ.

ಬೆಂಗಳೂರು ಟ್ರೈ ಮಾಡ್ಲಾ ಅಂದ್ರಿ. ಕೆಸಿಇಟಿ (ಕರ್ನಾಟಕದ ಸಿಇಟಿ) ಬರೆದಿಲ್ಲ ಅಂದ್ಮೇಲೆ ಆ ಸಿಇಟಿ ದಾರಿ ಈ ವರ್ಷ ಇಲ್ಲ. ತಂಗಿ ಹತ್ತನೇಲಿ ಇದಾಳಲ್ಲ, ಅವಳಿಗೆ ಹೇಳಿ: ಕೆಇಎಲಿ (ಕೆಸಿಇಟಿ ನಡೆಸೋ ಸಂಸ್ಥೆ) ಹೊರನಾಡು ಕನ್ನಡಿಗ ಅಂತ ಕೆಟಗರಿ ಇದೆ, ಕನ್ನಡ ಪರೀಕ್ಷೆ ಬರೀಬೇಕು, ರ‍್ಯಾಂಕಿಗೆ ಹನ್ನೆರಡನೇ ಕ್ಲಾಸಿನ ಮಾರ್ಕ್ಸೂ ಅರ್ಧ ಸೇರತ್ತೆ. ಮನೇಲಿ ಮಾತಾಡೋ ಕನ್ನಡ ಸಾಲಲ್ಲ, ಬರೆಯೋದನ್ನ ಈಗಿಂದ್ಲೇ ಶುರು ಮಾಡಿಸಿ.