ಚಿತ್ರ–ಪದ ಜೋಡಣೆ ಕಲಿಸುವ ಮೊದಲು ಹೀಗೆ ಪರೀಕ್ಷಿಸಿ

ನಾಲ್ಕೂವರೆ ವರ್ಷದ ಮಗಳು 'ಮರ' ಅಂದರೆ ಮರದ ಚಿತ್ರ ಎತ್ತುತ್ತಾಳೆ, 'ಮರ' ಎಂದು ಬರೆದ ಕಾರ್ಡನ್ನೂ ಎತ್ತುತ್ತಾಳೆ, ಆದರೆ ಚಿತ್ರಕ್ಕೆ ಪದ ಜೋಡಿಸು ಅಂದರೆ ತಡಕಾಡುತ್ತಾಳೆ, ಅದನ್ನೂ ಬೇರೆಯಾಗಿ ಕಲಿಸಬೇಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಬೇಡ. ಕಲಿಸಿಬಿಟ್ಟರೆ ಅದು ತಾನಾಗಿ ಬರುತ್ತಿತ್ತಾ ಅನ್ನೋದು ಗೊತ್ತಾಗೋದೇ ಇಲ್ಲ. 1971ರಲ್ಲಿ ಅಮೆರಿಕದ ಮನೋವಿಜ್ಞಾನಿ ಮರ್ರೆ ಸಿಡ್ಮನ್ ಪ್ರಕಟಿಸಿದ ಪ್ರಯೋಗದ ತಿರುಳೇ ಇದು. ತೀವ್ರ ಬೌದ್ಧಿಕ ನ್ಯೂನತೆಯಿದ್ದ 17 ವರ್ಷದ ಹುಡುಗ 20 ಪದಗಳನ್ನು ಕೇಳಿ ಚಿತ್ರ ಆರಿಸುತ್ತಿದ್ದ, ಓದಲು ಬರುತ್ತಿರಲಿಲ್ಲ. ಕೇಳಿದ ಪದಕ್ಕೆ ಅಚ್ಚಿನ ಪದ ಆರಿಸುವುದನ್ನಷ್ಟೇ ಕಲಿಸಿದರು. ಚಿತ್ರ–ಪದ ಜೋಡಣೆಯೂ ಬಂತು, ಪದ ನೋಡಿ ಬಾಯಲ್ಲಿ ಹೇಳುವುದೂ ಬಂತು.

ತಡಕಾಟಕ್ಕೆ ಬಹಳ ಸಲ ಕಾರಣ ಕಾರ್ಡು ಇಡುವ ರೀತಿ. ಎರಡೇ ಕಾರ್ಡ್ ಇಟ್ಟರೆ ಊಹೆಯಲ್ಲೇ ಅರ್ಧ ಸರಿ ಬರುತ್ತದೆ. 'ಇದಲ್ಲ' ಅಂತ ಒಂದನ್ನು ಬಿಟ್ಟು ಇನ್ನೊಂದು ಎತ್ತಿದರೂ ನಮಗೆ ಕಲಿತ ಹಾಗೇ ಕಾಣುತ್ತದೆ. ಮೂರು ಇಡಿ. ಪದಗಳೂ ಮುಖ್ಯ: ಮರ, ಎಲೆ, ಬಾಳೆಹಣ್ಣು ಇಟ್ಟರೆ ಉದ್ದ ನೋಡಿಯೇ ಬಾಳೆಹಣ್ಣು ಎತ್ತಬಹುದು. ಮರ, ಸರ, ಮನೆ ತೊಗೊಳ್ಳಿ. ಮೊದಲಕ್ಷರ ಮಾತ್ರ ನೋಡಿದರೆ ಮರ–ಮನೆ ಅದಲುಬದಲಾಗುತ್ತದೆ, ಕೊನೆಯದು ಮಾತ್ರ ನೋಡಿದರೆ ಮರ–ಸರ.

ಒಂದು ಸುತ್ತಿಗೆ 9 ಸರದಿ, ಪ್ರತಿ ಪದ 3 ಸಲ: ಒಮ್ಮೆ ಎಡಕ್ಕೆ, ಒಮ್ಮೆ ನಡುವೆ, ಒಮ್ಮೆ ಬಲಕ್ಕೆ. ಸರಿಯುತ್ತರ ಒಂದೇ ಜಾಗದಲ್ಲಿ ಸತತ ಎರಡು ಸಲಕ್ಕಿಂತ ಹೆಚ್ಚು ಬರಬಾರದು. ಕ್ರಮವನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಆಗಿಂದಾಗ ಮನಸ್ಸಿಗೆ ಬಂದಂತೆ ಇಟ್ಟರೆ ಗೊತ್ತಿಲ್ಲದೇ ಸರಿಯುತ್ತರ ನಡುವೆಯೇ ಬೀಳುತ್ತಿರುತ್ತದೆ. ಮಗು ಎತ್ತುವವರೆಗೆ ನಿಮ್ಮ ಕಣ್ಣು ಚೀಟಿಯ ಮೇಲಿರಲಿ. ಮಕ್ಕಳು ಕಾರ್ಡಿಗಿಂತ ಅಮ್ಮನ ಕಣ್ಣನ್ನು ಚೆನ್ನಾಗಿ ಓದುತ್ತಾರೆ!

ಮೊದಲು ಪದ ಹೇಳಿ ಚಿತ್ರ, ಆಮೇಲೆ ಪದ ಹೇಳಿ ಅಚ್ಚಿನ ಪದ. ಎರಡರಲ್ಲೂ ಸತತ ಎರಡು ಸುತ್ತು 9ಕ್ಕೆ 8 ಬಂದರೆ ಎರಡನ್ನೂ ಬೆರೆಸಿ ಆಡಿಸಿ. ಇಲ್ಲೇ ಶಭಾಷ್‌ಗಿರಿಯನ್ನು ಮೂರಕ್ಕೊಂದರ ಹಾಗೆ ಇಳಿಸಿ, 'ಈಗ ಸರಿ–ತಪ್ಪು ಹೇಳಲ್ಲ, ಕೊನೆಗೆ ಹೇಳ್ತೀನಿ' ಅಂತ ಮುಂಚೆಯೇ ತಿಳಿಸಿ. ಹಾಗೆ ಮಾಡದೆ ಪರೀಕ್ಷೆಯಲ್ಲಿ ಥಟ್ಟನೆ ಸುಮ್ಮನಾದರೆ ಮಗು ತಪ್ಪಾಯಿತೆಂದುಕೊಂಡು ಸರಿಯಿದ್ದದ್ದನ್ನೂ ಬದಲಾಯಿಸುತ್ತದೆ.

ಪರೀಕ್ಷೆಯಲ್ಲಿ ಚಿತ್ರ ಕೊಟ್ಟು 'ಇದಕ್ಕೆ ಯಾವುದು?' ಅಂತಷ್ಟೇ ಕೇಳಿ. ನಿಮ್ಮ ಬಾಯಿಂದ 'ಮರ' ಬಂದರೆ ಅದು ಹಳೆಯ ಪಾಠವೇ ಆಯಿತು. ಊಹೆಯಲ್ಲೇ ಸರಾಸರಿ 3 ಸರಿಯಾಗುತ್ತದೆ, ಹಾಗಾಗಿ 4 ಬಂದರೆ ಲೆಕ್ಕಕ್ಕಿಲ್ಲ. ತಿದ್ದಬೇಡಿ, ಮರುದಿನ ಹಳೆಯ ಎರಡು ಆಟ ಒಂದೊಂದು ಸುತ್ತು ಆಡಿಸಿ ಮತ್ತೆ ಪರೀಕ್ಷಿಸಿ. ಏನೂ ಕಲಿಸದೆ ಎರಡನೇ ಮೂರನೇ ಸಲಕ್ಕೆ ಅಂಕ ಏರುವುದು ಈ ಪ್ರಯೋಗಗಳಲ್ಲಿ ಮಾಮೂಲು.

ಆಗಲೂ ಏರದಿದ್ದರೆ 'ಮರ' ಕಾರ್ಡ್ ಕೊಟ್ಟು ಮೂರರಲ್ಲಿ ಅದೇ ಥರದ್ದು ಹುಡುಕಿಸಿ. ಮರ–ಸರ ಇಲ್ಲೂ ಅದಲುಬದಲಾದರೆ ಮ, ಸ ಗುರುತಿಸುವ ಆಟಕ್ಕೆ ಹಿಂತಿರುಗಿ. ಅದು ಸರಿಯಿದ್ದರೆ ಚಿತ್ರ ತೋರಿಸಿ 'ಇದೇನು?' ಅಂತ ಕೇಳಿ. ಮರಕ್ಕೆ 'ಗಿಡ', ಸರಕ್ಕೆ 'ಚೈನು' ಅನ್ನುವ ಮಕ್ಕಳು ಬೇಕಾದಷ್ಟಿದ್ದಾರೆ. ಹಾಗಿದ್ದರೆ ಅವಳು ಬಳಸುವ ಪದವನ್ನೇ ಕಾರ್ಡಿನ ಮೇಲೆ ಬರೆದು ಶುರುವಿನಿಂದ ಆಡಿಸಿ.